ಸೋನೆಯ ಹಿಂದಿನ ಎಡಗಾಲು

ಧ್ವನಿ ಸಂದೇಶ, 12 ಜನವರಿ 2025
ಲವ್‌ಡೇಲ್ ಪಕ್ಕದ ಹಟ್ಟಿಯಿಂದ ದೇವಾಲಕ್ಕೆ

ರಾಜಾಮಣಿ ಅಣ್ಣ, ನಾನು ಸುರೇಂದ್ರನ್. ಬರೆಯೋಣ ಅಂತ ಕೂತೆ, ಆಗ್ಲಿಲ್ಲ. ನಮ್ಮವ್ವ ಗುಂಡ್ಲುಪೇಟೆಯವಳು, ಕನ್ನಡ ಓದೋಕೆ ಕಲಿಸಿದ್ದಾಳೆ. ಬರೆಯೋಕೆ ಪೆನ್ನು ಹಿಡಿದ್ರೆ ಮಾತ್ರ ಕೈ ತಾನಾಗೇ ತಮಿಳಿಗೆ ಹೋಗುತ್ತೆ, ಸ್ಕೂಲಲ್ಲಿ ಕಲಿತದ್ದು ಅದೇ ಅಲ್ವಾ. ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ನಮ್ಮನೆಯವಳು ಪುಟ್ಟಮ್ಮ ಒಳಗಿಂದ ಹೇಳ್ತಿದ್ದಾಳೆ, "ಚಿಕ್ಕದಾಗಿ ಮುಗಿಸಿ, ಐವತ್ತು ವರ್ಷ ಆದ್ರೂ ನಿಮ್ಮ ಬಾಯಿಗೆ ಬೀಗ ಇಲ್ವಾ" ಅಂತ. ನನಗೆ ಐವತ್ತಾಯ್ತು ಅಂತ ದಿನಾ ನೆನಪು ಮಾಡ್ತಾಳೆ ಅಣ್ಣ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ನಿಮ್ಮ ಕುದುರೆ ಮರಿ ಸೋನೆ ಚೆನ್ನಾಗಿ ತಿಂತಾಳೆ. ಜೂನಲ್ಲಿ ನೀವು ಅವಳನ್ನ ನನ್ನ ಹತ್ರ ಬಿಟ್ಟು ಗಂಟಲು ಆಪರೇಷನ್ನಿಗೆ ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಹಾಗೇ ಮಗಳು ಮಲರ್‌ಕೊಡಿ ಮನೆಗೆ ಹೋದ್ರಲ್ಲ, ಆವಾಗ ಇಷ್ಟು ಎತ್ತರ ಇರಲಿಲ್ಲ. ಈಗ ಮೂರು ವರ್ಷಕ್ಕೆ ಹತ್ತಿರ, ಬೆನ್ನು ನನ್ನ ಭುಜದ ಸಮಕ್ಕೆ ಬಂದಿದೆ. ಬಣ್ಣ ಇನ್ನೂ ಬೆಳ್ಳಗಾಗ್ತಿದೆ. ನಮ್ಮ ಹಸುಗಳ ಜೊತೆ ಇಳಿಜಾರಲ್ಲಿ ಇರ್ತಾಳೆ. ದಿನಾ ಬೇಲಿ ಹತ್ರ ಹೋಗಿ ಕ್ಯಾರೆಟ್ ಕೊಡ್ತೀನಿ, ಒಂದು ಗಂಟೆ ಮಾತಾಡ್ತೀನಿ. ನನ್ನ ಜೇಬಲ್ಲೇ ಮೂತಿ ಇಡ್ತಾಳೆ. ಅಷ್ಟು ಸ್ನೇಹ.

ಈಗ ಕೆಟ್ಟದ್ದು. ಹಿಂದಿನ ಎಡಗಾಲಿನ ಗೊರಸು ಸೀಳಿದೆ ಅಣ್ಣ. ಏಳು ತಿಂಗಳಿಂದ ಕತ್ತರಿಸಿಲ್ಲ, ಬೆಳೆದು ಬೆಳೆದು ಚಪ್ಪಲಿ ಥರ ಮುಂದಕ್ಕೆ ಚಾಚಿದೆ. ಡಿಸೆಂಬರಲ್ಲಿ ಮಂಜು ಹೆಪ್ಪುಗಟ್ಟಿ ನೆಲ ಕಲ್ಲಾಯ್ತಲ್ಲ, ಆವಾಗ ಕೆಳಗಿಂದ ಬಿರುಕು ಬಿಟ್ಟಿದೆ. ದನದ ಡಾಕ್ಟರಮ್ಮ ಮಾನಸಾ ನಿನ್ನೆ ಬಂದು ಬೇಲಿ ಆಚೆಯಿಂದ ನೋಡಿದ್ರು. "ಸುರೇಂದ್ರನ್, ಈ ಬಿರುಕು ಮೇಲೆ ಕೂದಲು ಶುರುವಾಗೋ ಗೆರೆ ಮುಟ್ಟಿದ್ರೆ ಇವಳು ಜೀವನಪೂರ್ತಿ ಕುಂಟಿ. ಈಗ ಎರಡು ಬೆರಳು ಕೆಳಗಿದೆ. ಫೆಬ್ರವರಿ ಮುಗಿಯೋದ್ರೊಳಗೆ ಗೊರಸು ಕತ್ತರಿಸಲೇಬೇಕು" ಅಂದ್ರು. ಮಂಪರು ಇಂಜೆಕ್ಷನ್ ಕೊಡಿ ಅಂದೆ. "ಕೊಡ್ತೀನಿ, ನೀವು ಹಿಡ್ಕೊಳ್ಳಿ" ಅಂದ್ರು. ನಾನು ನಕ್ಕೆ. ಅವರು ನಗಲಿಲ್ಲ. "ಒಂದು ಸಲ ಕತ್ತರಿಸಿದ್ರೆ ಮುಗಿಯಲ್ಲ. ಆರು ವಾರಕ್ಕೊಂದು ಸಲದ ಹಾಗೆ ಒಂದು ವರ್ಷ. ಪ್ರತಿಸಲ ಮಂಪರಾ? ಕಾಲು ಕೊಡೋದು ಕಲಿಸಿ."

ಕಲಿಸೋದು ಹೇಗೆ ಅಣ್ಣ? ಮುಖ ಮುಟ್ಟೋಕೆ ಬಿಡ್ತಾಳೆ. ಹೊಟ್ಟೆ ದಾಟಿ ಕೈ ಹಿಂದಕ್ಕೆ ಹೋದ್ರೆ ಕಾಲು ಗಾಳಿಯಲ್ಲಿ. ನೀವು ಐವತ್ತು ವರ್ಷ ಕುದುರೆ ಲಾಯದಲ್ಲಿ ಇದ್ದವರು. ಒಂದು ಕೆಲಸ ಮಾಡಿ, ಈ ಫೋನಿಗೆ ನಾಲ್ಕು ಮಾತು ಆಡಿ ಕಳಿಸಿ. ಅವಳಿಗೆ ಕೇಳಿಸ್ತೀನಿ. ನಿಮ್ಮ ದನಿ ಕೇಳಿದ್ರೆ ನಿಂತುಬಿಡ್ತಾಳೆ, ನನಗೆ ಗೊತ್ತು.

ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸಿದ್ದು, 15 ಜನವರಿ 2025
ದೇವಾಲದಿಂದ

ಸುರೇಂದ್ರ,

ಏಳು ತಿಂಗಳು ಗೊರಸು ಕತ್ತರಿಸಿಲ್ಲ ಅಂತ ಏಳು ನಿಮಿಷ ಮಾತಾಡಿ ಹೇಳಿದ್ದೀಯ. ಏಳು ತಿಂಗಳ ಹಿಂದೆ ಒಂದು ನಿಮಿಷ ಹೇಳಿದ್ದರೆ ಸಾಕಿತ್ತು.

ಅವಳು ಸ್ನೇಹ ಮಾಡಿರೋದು ನಿನ್ನ ಜೊತೆ ಅಲ್ಲ, ಕ್ಯಾರೆಟ್ ಜೊತೆ. ಇವತ್ತಿಂದ ಕ್ಯಾರೆಟ್ ಬಂದ್.

ದಿನಾ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಬೇಲಿ ಒಳಗೆ ಹೋಗಿ ಸುಮ್ಮನೆ ನಿಲ್ಲು. ಅವಳ ಹತ್ತಿರ ಹೋಗಬೇಡ. ಅವಳು ಬರಲಿ. ಬಂದರೆ ತಲೆಗೆ ಹಗ್ಗದ ಹಾಲ್ಟರ್ ಹಾಕು. ನನ್ನ ಮನೆಯ ಹಿಂದೆ ಹಲಗೆ ಪೆಟ್ಟಿಗೆಯಲ್ಲಿದೆ. ಹಗ್ಗ ಮೆಲ್ಲಗೆ ಒಂದು ಕಡೆ ಎಳಿ. ಅವಳು ಆ ಕಡೆ ಕೂದಲೆಳೆಯಷ್ಟು ಬಂದರೂ ತಕ್ಷಣ ಸಡಿಲ ಬಿಡು. ಎಳೆಯೋದರಿಂದ ಕುದುರೆ ಏನೂ ಕಲಿಯಲ್ಲ. ಬಿಡೋದರಿಂದ ಕಲಿಯುತ್ತೆ. ಕುದುರೆ ನೋಡಿಕೊಳ್ಳೋ ಆಳನ್ನು ಲಾಯದಲ್ಲಿ ಸೈಸ್ ಅಂತೀವಿ; ಇದೊಂದು ತಿಳಿದರೆ ನೀನು ಅರ್ಧ ಸೈಸ್ ಆದೆ.

ಗಂಟಲು ಇನ್ನೂ ವಾಸಿಯಾಗಿಲ್ಲ. ಡಾಕ್ಟರು ಮಾತಾಡಬೇಡ ಅಂದಿದ್ದಾರೆ. ದನಿ ಆಮೇಲೆ ನೋಡೋಣ.

ರಾಜಾಮಣಿ

ಧ್ವನಿ ಸಂದೇಶ, 19 ಜನವರಿ 2025

ಅಣ್ಣ, ಅರ್ಧ ಸೈಸ್ ಮಾತಾಡ್ತಿದ್ದೀನಿ!

ಮೊದಲ ದಿನ ಕ್ಯಾರೆಟ್ ಇಲ್ಲದೆ ಒಳಗೆ ಹೋದೆ. ಜೇಬು ಮೂಸಿ ನೋಡಿದ್ಲು, ಇನ್ನೊಂದು ಜೇಬು ಮೂಸಿದ್ಲು, ಆಮೇಲೆ ನನ್ನ ಮುಖ ನೋಡಿದ್ಲು ನೋಡಿ. ಸಂಬಳ ತರದೆ ಮನೆಗೆ ಬಂದ ಗಂಡನ್ನ ನೋಡೋ ಥರ. ತಿರುಗಿ ಹೋಗಿಬಿಟ್ಲು. ನನಗೆ ನಿಜವಾಗ್ಲೂ ಬೇಜಾರಾಯ್ತು. ಇಷ್ಟು ದಿನ ನಾನು ಹೇಳಿದ ಕಥೆಯೆಲ್ಲ ಯಾರು ಕೇಳ್ತಿದ್ರು ಹಾಗಾದ್ರೆ?

ಎರಡನೇ ದಿನ ಒಂದೂವರೆ ಗಂಟೆ ನಿಂತೆ. ಟೀ ತೋಟದಲ್ಲಿ ಎಲೆ ಕೀಳ್ತಿದ್ದ ಹೆಂಗಸರು, "ಏನ್ ಸುರೇಂದ್ರಣ್ಣ, ಕರೆಂಟ್ ಕಂಬ ಆಗಿದ್ದೀರಾ" ಅಂತ ಕೂಗಿದ್ರು. ಮೂರನೇ ದಿನ ಅವಳೇ ಬಂದ್ಲು ಅಣ್ಣ. ಹಿಂದಿನಿಂದ ಬಂದು ಕುತ್ತಿಗೆ ಹತ್ರ ಉಸಿರು ಬಿಟ್ಲು. ಹಾಲ್ಟರ್ ಹಾಕಿದೆ. ಹಗ್ಗ ಎಳೆದೆ, ಬೆಟ್ಟ ಎಳೆದ ಹಾಗೆ. ಎಳೆದೇ ಇಟ್ಟೆ. ಎಷ್ಟೋ ಹೊತ್ತಾದ ಮೇಲೆ ಕಿವಿ ಈ ಕಡೆ ತಿರುಗಿತು, ಮೂತಿ ಒಂದು ಅಂಗುಲ ಬಂತು, ಬಿಟ್ಟೆ. ಅವಳು ಬಾಯಿ ಚಪ್ಪರಿಸಿದ್ಲು. ಹತ್ತನೇ ಸಲಕ್ಕೆ ಬೆರಳಲ್ಲಿ ಹಿಡಿದ್ರೆ ಸಾಕು, ಬರ್ತಾಳೆ.

ನಾನು ಯೋಚನೆ ಮಾಡ್ತಾ ಇದ್ದೆ. ನಾನು ಯಾರ ಹತ್ರಾನೂ ಹೀಗೆ ಸರಿಯಾದ ಸಮಯಕ್ಕೆ ಬಿಟ್ಟವನೇ ಅಲ್ಲ. ಮಾತಲ್ಲಿ ಗೆದ್ದ ಮೇಲೂ ಎಳೀತಾನೇ ಇರ್ತೀನಿ. ಪುಟ್ಟಮ್ಮನ್ನ ಕೇಳಿ.

ಮುಂದೆ ಏನು? ನಿಮ್ಮ ಗಂಟಲು ಹೇಗಿದೆ?

ಕಾಗದ, 21 ಜನವರಿ 2025

ಸುರೇಂದ್ರ,

ಬಾಯಿ ಚಪ್ಪರಿಸಿದ್ದು ಗಮನಿಸಿದೆಯಲ್ಲ, ಅದು ಒಳ್ಳೇದು. ಯೋಚನೆ ಮಾಡ್ತಿದ್ದಾಳೆ ಅಂತ ಅರ್ಥ.

ಇನ್ನು ಉದ್ದ ಹಗ್ಗ. ನೀನು ನಡುವೆ, ಅವಳು ಸುತ್ತ. ಎರಡು ಸುತ್ತು ನಡೆಸು, ನಿಲ್ಲಿಸು. ಮತ್ತೆ ನಡೆಸು, ನಿಲ್ಲಿಸು. ನಡೆಸೋದು ಮುಖ್ಯ ಅಲ್ಲ, ನಿಲ್ಲಿಸೋದು ಮುಖ್ಯ. ಒಂದು ಮಾತಿಗೆ ನಾಲ್ಕು ಕಾಲೂ ಊರಿ ನಿಲ್ಲೋ ಕುದುರೆ ಒಂದು ಕಾಲು ಕೊಡೋಕೆ ಹೆದರಲ್ಲ. ನಿಲ್ಲೋದು ಬರದ ಕುದುರೆಯ ಹಿಂದಿನ ಕಾಲಿಗೆ ಕೈ ಹಾಕಿದವನು ಆಸ್ಪತ್ರೆಯಲ್ಲಿ ಇರ್ತಾನೆ.

ನಿಂತಾಗ ಹಗ್ಗ ಸಡಿಲ. ಅದೇ ಅವಳ ಸಂಬಳ.

ಗಂಟಲು ಹಾಗೇ ಇದೆ.

ರಾಜಾಮಣಿ

ಧ್ವನಿ ಸಂದೇಶ, 28 ಜನವರಿ 2025

ಅಣ್ಣ, ಇವಳು ನನ್ನ ಆಟ ಆಡಿಸ್ತಿದ್ದಾಳೆ. ಸುಳ್ಳಲ್ಲ. ಐದು ದಿನದಿಂದ ಒಂದೇ ಕಥೆ. ಹೋಗು ಅಂದ್ರೆ ನಿಲ್ತಾಳೆ. ನಿಲ್ಲು ಅಂದ್ರೆ ಹೋಗ್ತಾಳೆ. ಬೇಕೂಂತ! ನಾನು ಎಷ್ಟು ಜೋರಾಗಿ ಹೇಳ್ತೀನೋ ಅಷ್ಟು ಗಟ್ಟಿಯಾಗಿ ಊರಿಕೊಂಡು ನಿಲ್ತಾಳೆ, ನಾಲ್ಕು ಕಾಲೂ, ನೀವು ಬರೆದ ಹಾಗೇ. ಆದ್ರೆ ನಡೀಬೇಕಾದ ಹೊತ್ತಲ್ಲಿ! ಆಮೇಲೆ "ನಿಲ್ಲು, ನಿಲ್ಲು" ಅಂತ ಕೈ ಎತ್ತಿದ್ರೆ ಬಾಲ ಎತ್ಕೊಂಡು ಓಟ.

ಪುಟ್ಟಮ್ಮ ಬೇಲಿ ಹತ್ರ ನಿಂತು ನೋಡಿ, "ನಿಮ್ಮ ತಮ್ಮನ ಥರಾನೇ ಇದೆ ಕುದುರೆ" ಅಂದ್ಲು. ನನ್ನ ತಮ್ಮ ಹಾಗೇ ಅಲ್ವಾ, ಹೇಳಿದ್ದಕ್ಕೆ ತಿರುಗಾಮುರುಗಾ.

ಕಿವಿ ಏನಾದ್ರೂ ಕೆಟ್ಟಿದೆಯಾ ಅಂತ ಹಿಂದೆ ನಿಂತು ಡಬ್ಬ ಬಡಿದೆ. ಕಿವಿ ಚೆನ್ನಾಗಿದೆ. ಅವಳು ಬೆಚ್ಚಿ ಓಡಿದ ರಭಸಕ್ಕೆ ಹಗ್ಗದ ಜೊತೆ ನಾನೂ ಹೋಗಿ ಹಸುಗಳ ಪಕ್ಕದಲ್ಲಿ ಬಿದ್ದೆ. ಫೆಬ್ರವರಿ ಬಂತು ಅಣ್ಣ. ನಿಮ್ಮ ದನಿಯಲ್ಲಿ "ನಿಲ್ಲು" ಅಂತ ಒಂದೇ ಒಂದು ಸಲ.

ಕಾಗದ, 31 ಜನವರಿ 2025

ಸುರೇಂದ್ರ,

ಕುದುರೆಗೆ ತಮಾಷೆ ಬರಲ್ಲ. ಬೇಕೂಂತ ಮಾಡೋದು ಮನುಷ್ಯ.

ನೀನು ನಿಲ್ಲೋ ಜಾಗ ತಪ್ಪಿರಬೇಕು. ಅವಳ ಭುಜದ ಮುಂದೆ ನಿಂತರೆ ದಾರಿ ಅಡ್ಡ ಹಾಕಿದ ಹಾಗೆ, ಅದಕ್ಕೇ ನಿಲ್ತಾಳೆ. ಸೊಂಟದ ಕಡೆ ನೋಡಿ ನಿಲ್ಲು, ಮುಂದೆ ಹೋಗ್ತಾಳೆ. "ನಿಲ್ಲು" ಅಂತ ಕೈ ಎತ್ತಿ ನುಗ್ಗಬೇಡ, ನಾನಾದರೂ ಓಡ್ತೀನಿ.

ಅವಳು ಎಂಟು ದಿನದ ಮರಿಯಿಂದ ನಿಲ್ಲೋದು ಕಲಿತವಳು. ಅವಳ ತಾಯಿ ಸತ್ತ ದಿನವೂ ನಾನು ಹೇಳಿದ ಕಡೆ ನಿಂತಿದ್ದಳು. ಮರೆಯೋಕೆ ಸಾಧ್ಯ ಇಲ್ಲ. ತಪ್ಪು ನಿನ್ನ ಮೈಯಲ್ಲಿದೆ. ಹುಡುಕು.

ರಾಜಾಮಣಿ

ಧ್ವನಿ ಸಂದೇಶ, 6 ಫೆಬ್ರವರಿ 2025

ಅಣ್ಣ. ಇವತ್ತು ಜಾಸ್ತಿ ಮಾತಾಡಲ್ಲ. ಉಸಿರು ತಗೊಂಡ್ರೆ ಪಕ್ಕೆ ನೋಯುತ್ತೆ. ಏನಿಲ್ಲ, ಟೀ ಫ್ಯಾಕ್ಟರಿ ಹತ್ರ ಮೆಟ್ಟಿಲಲ್ಲಿ ಜಾರಿದೆ. ಮೂರು ದಿನ ಮಲಗಿದ್ದೆ, ಮೂರು ದಿನ ಹಾಳಾಯ್ತು.

ನೀವು ಹೇಳಿದ ಹಾಗೆ ಸೊಂಟದ ಕಡೆ ನಿಂತೆ. ಅದೇ ಕಥೆ. ಡಾಕ್ಟರಮ್ಮ ನಿನ್ನೆ ಬಂದಿದ್ರು. ಬಿರುಕು ಈಗ ಒಂದೇ ಬೆರಳು ಕೆಳಗಿದೆ ಅಂದ್ರು. ಒಂದು ಬೆರಳು ಅಣ್ಣ. ಅವಳು ಇಳಿಜಾರು ಇಳೀವಾಗ ಆ ಕಾಲು ಇಡೋಕೆ ಯೋಚನೆ ಮಾಡ್ತಾಳೆ, ನಾನು ನೋಡಿದ್ದೀನಿ.

ಕೋಪ ಮಾಡ್ಕೋಬೇಡಿ. ಮೂರು ಸಲ ಕೇಳಿದೆ, ಒಂದು ಮಾತು ಆಡಿ ಕಳಿಸಿ ಅಂತ. ಎಂಟು ತಿಂಗಳಾಯ್ತು ಆಪರೇಷನ್ ಆಗಿ. ಒಂದು ಮಾತಿಗೆ ಗಂಟಲು ಹರಿದು ಹೋಗುತ್ತಾ? ನೀವು ಹುಟ್ಟಿಸಿ ಬೆಳೆಸಿದ ಮರಿ. ಬೇಡವಾಯ್ತಾ ನಿಮಗೆ? ಬೇಡವಾದ್ರೆ ಬೇಡ ಅಂತ ಬರೀರಿ. ನನ್ನ ಕೈಲಾದ್ದು ಮಾಡ್ತೀನಿ, ಆಗದಿದ್ರೆ ಕುಂಟಿಯಾಗೇ ನಮ್ಮ ಹಸುಗಳ ಜೊತೆ ಇರ್ತಾಳೆ.

ಕಾಗದ, 8 ಫೆಬ್ರವರಿ 2025

ದನಿ ಕೇಳಬೇಡ.

ಮುಂದಿನ ಸಲ ಕೆಲಸ ಮಾಡುವಾಗ ಫೋನನ್ನು ಅಂಗಿ ಜೇಬಲ್ಲಿಟ್ಟು ಶುರುವಿಂದ ಕೊನೆವರೆಗೆ ರೆಕಾರ್ಡ್ ಮಾಡು. ನನಗೆ ವಿವರಣೆ ಬೇಡ. ನನ್ನ ಜೊತೆ ಮಾತಾಡಬೇಡ, ಅವಳ ಜೊತೆ ಏನು ಮಾತಾಡ್ತೀಯೋ ಅದೇ ಸಾಕು.

ರಾ.

ಧ್ವನಿ ಸಂದೇಶ, 10 ಫೆಬ್ರವರಿ 2025, ಬೆಳಿಗ್ಗೆ

…ಆನ್ ಆಯ್ತಾ ಇದು? ಕೆಂಪು ಬಂತು, ಆಯ್ತು. ಬಾ ಸೋನೆ. ಬಾ. ಹಾಂ. ಸುತ್ತು ಹಾಕೋಣ. ನಡೀ. ನಡೀ ಪುಟ್ಟ. ಹಾಂ, ಹಾಗೇ. ಚೆನ್ನಾಗಿ ಬರ್ತಿದ್ದೀಯ. ಇನ್ನೂ ಸ್ವಲ್ಪ ಜೋರಾಗಿ. ಹೋ. ಹೋ! ಅಯ್ಯೋ, ನೋಡಿ ಅಣ್ಣ, ನಿಂತ್ಲು, ಇದನ್ನೇ ಹೇಳಿದ್ದು ನಾನು. ಹೋ! ಹೋ ಹೋ ಹೋ! ಹೋ ಅಂದ್ರೆ ಅರ್ಥ ಆಗಲ್ವಾ ನಿಂಗೆ? ಕಂಬದ ಥರ ನಿಂತಿದ್ದಾಳೆ. ಕಿವಿ ಮಾತ್ರ ನನ್ನ ಕಡೆ ಇದೆ. ಹೋ!! ಹೋ ಅಂದೆ!

ಆಯ್ತು. ಆಯ್ತು ಬಿಡು. ಹಗ್ಗ ಬೀಸಿದ್ರೇನೇ ಹೋಗೋದು ನೀನು.

ಹಾಂ, ಓಡು ಈಗ. ಈಗ ನಿಲ್ಲು. ನಿಲ್ಲು! ನಿಲ್ಲೇ! ಸೋನೆ, ನಿಲ್ಲೂ! ಸಾಕಪ್ಪ. ಸಾಕು. ನಂಗೆ ಪಕ್ಕೆ ನೋಯ್ತಿದೆ.

ಕಾಗದ, 10 ಫೆಬ್ರವರಿ 2025, ಮಧ್ಯಾಹ್ನ

ಸುರೇಂದ್ರ,

ಇದನ್ನು ಕೂತು ಓದು.

ಅವಳಿಗೆ "ಹೋ" ಅಂದರೆ ನಿಲ್ಲು.

ಮೈಸೂರಿನ ಲಾಯಕ್ಕೆ ಸೇರಿದಾಗ ನನಗೆ ಹತ್ತು ವರ್ಷ. ಅಲ್ಲಿ ಕುದುರೆ ನಿಲ್ಲಿಸೋಕೆ ಇಂಗ್ಲಿಷ್ ದೊರೆಗಳ ಕಾಲದಿಂದ "ವೋ" ಅಂತಿದ್ದರು. ನಮ್ಮ ಬಾಯಲ್ಲಿ ಅದು "ಹೋ" ಆಯ್ತು. ಮೆಲ್ಲಗೆ, ಉದ್ದಕ್ಕೆ, ಉಸಿರು ಬಿಟ್ಟ ಹಾಗೆ. ನಾನು ಸಾಕಿದ ಪ್ರತಿ ಕುದುರೆಗೂ ಮೊದಲು ಕಲಿಸಿದ ಮಾತು ಅದೊಂದೇ. ಸೋನೆಗೂ ಅದೇ. "ನಿಲ್ಲು" ಅಂತ ಅವಳು ನನ್ನ ಬಾಯಿಂದ ಕೇಳೇ ಇಲ್ಲ.

ಲೋಕದಲ್ಲಿ ಉಳಿದವರಿಗೆಲ್ಲ ಹೋ ಅಂದರೆ ಹೋಗು ಅನ್ನೋದು ನನಗೆ ಮರೆತೇ ಹೋಗಿತ್ತು. ನಿಮ್ಮ ಹಟ್ಟಿಯಲ್ಲಿ ಹಸು ಅಟ್ಟೋದೇ ಹೋ ಹೋ ಅಂತ ಅಲ್ಲವಾ. ನೀನು "ಹೋಗು ಅಂದೆ" ಅಂತ ಹೇಳ್ತಿದ್ದೆ, ನಾನು ಅದನ್ನು ನಂಬಿ ನಿನ್ನ ಮೈಯಲ್ಲಿ ತಪ್ಪು ಹುಡುಕ್ತಿದ್ದೆ. ತಪ್ಪು ನನ್ನದು.

ಇವತ್ತು ಕೇಳಿದೆ. ನೀನು ಹೋ ಅಂತೀಯ, ಗೊರಸಿನ ಸದ್ದು ತಕ್ಷಣ ನಿಲ್ಲುತ್ತೆ. ಒಂದು ಹೆಜ್ಜೆ ಹೆಚ್ಚಿಲ್ಲ. ಮತ್ತೆ ಹೋ ಅಂತೀಯ, ಅಲುಗಲ್ಲ. ಕಿರುಚ್ತೀಯ, ಆದರೂ ಅಲುಗಲ್ಲ. ಏಳೆಂಟು ತಿಂಗಳು ಯಾರೂ ಮುಟ್ಟದ ಮರಿ, ನೋಯೋ ಕಾಲಲ್ಲಿ, ಹೇಳಿದ ಮಾತು ಉಳಿಸಿಕೊಂಡು ನಿಂತಿದೆ. ಆಮೇಲೆ ಹಗ್ಗ ಬೀಸಿದ ಸದ್ದೂ ಕೇಳಿಸಿತು.

ಮೆಟ್ಟಿಲಲ್ಲಿ ಜಾರಿದೆ ಅಂದೆ. ಆ ಮೆಟ್ಟಿಲಿಗೆ ಗೊರಸಿತ್ತಾ?

ನೀನು ಮುಚ್ಚಿಟ್ಟೆ ಅಂತ ಬೈಯೋ ಯೋಗ್ಯತೆ ನನಗಿಲ್ಲ. ನಾನೂ ಮುಚ್ಚಿಟ್ಟಿದ್ದೀನಿ. ಗಂಟಲು ವಾಸಿಯಾಗಲ್ಲ. ಕೊಯಮತ್ತೂರಲ್ಲಿ ದನಿಯ ಪೆಟ್ಟಿಗೆಯನ್ನೇ ತೆಗೆದುಬಿಟ್ಟರು, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಟಕ್ಕೆ ದಾರಿ ಮಾಡಿದ್ದಾರೆ. ಮಲರ್‌ಕೊಡಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ದನಿ ಇಲ್ಲದ ಸೈಸ್ ಏನು ಸೈಸ್ ಅಂತ. ನೀನು ಪ್ರತಿಸಲ ದನಿ ಕಳಿಸಿ ಅಂದಾಗ ಫೋನ್ ಕವುಚಿ ಇಡ್ತಿದ್ದೆ.

ಆ ಮಾತು ನಾನು ಹೇಳೋಕಾಗಲ್ಲ. ನಿನ್ನ ಹತ್ತಿರ ಇದೆ. ಕಿರುಚದೆ ಹೇಳು.

ರಾಜಾಮಣಿ

ಧ್ವನಿ ಸಂದೇಶ, 11 ಫೆಬ್ರವರಿ 2025

ಅಣ್ಣ…

ನಾಲ್ಕು ಸಲ ರೆಕಾರ್ಡ್ ಮಾಡಿ ಅಳಿಸಿದೆ.

ಹೌದು, ಹೊಡೆದೆ. ಫೆಬ್ರವರಿ ಎರಡನೇ ತಾರೀಕು. ಹಗ್ಗದ ತುದೀಲಿ, ತೊಡೆ ಮೇಲೆ, ಎರಡು ಏಟು. ಹೋ ಹೋ ಅಂತ ಕಿರುಚಿ ಕಿರುಚಿ ತಲೆ ಕೆಟ್ಟಿತ್ತು. ಅವಳು ಒದ್ಲು, ಪಕ್ಕೆಗೆ ಬಿತ್ತು. ಮುಳ್ಳು ಬೇಲಿ ಮೇಲೆ ಹೋಗಿ ಬಿದ್ದೆ. ನಿಮಗೆ ಹೇಳೋಕೆ ನಾಚಿಕೆ ಆಯ್ತು. ಒದ್ದಿದ್ದಕ್ಕಲ್ಲ, ಹೊಡೆದಿದ್ದಕ್ಕೆ. ಈಗ ನೋಡಿದ್ರೆ ಮಾತು ಕೇಳಿದ್ದಕ್ಕೇ ಹೊಡೆದಿದ್ದೀನಿ. ನಿಂತುಕೊಂಡೇ ಏಟು ತಿಂದ್ಲು ಅಣ್ಣ, ನಿಲ್ಲು ಅಂತ ಹೇಳ್ತಿದ್ದೋನು ನಾನೇ ಆದ್ದರಿಂದ.

ಇವತ್ತು ಬೆಳಿಗ್ಗೆ ಹೋದೆ. ಹಗ್ಗ ಕಂಡ ಕೂಡ್ಲೇ ದೂರ ಹೋದ್ಲು. ಹಗ್ಗ ಕೆಳಗಿಟ್ಟೆ. ತಪ್ಪಾಯ್ತು ಅಂದೆ, ಅದೂ ಮಾತೇ, ಅವಳಿಗೇನು ಗೊತ್ತು. ಸುಮ್ಮನೆ ನಿಂತೆ. ಬಿಸಿಲು ಬೇಲಿಯಿಂದ ನನ್ನ ಕಾಲವರೆಗೂ ಬಂತು. ಕೊನೆಗೆ ಬಂದ್ಲು. ಉದ್ದ ಹಗ್ಗ ಕಟ್ಟಿದೆ, ನಡೀ ಅಂದೆ, ನಡೆದ್ಲು. ಒಂದು ಸುತ್ತು. ಎರಡು ಸುತ್ತು.

ಆಮೇಲೆ ಮೆಲ್ಲಗೆ, ನೀವು ಬರೆದ ಹಾಗೆ, ಉಸಿರು ಬಿಟ್ಟ ಹಾಗೆ, "ಹೋ…" ಅಂದೆ.

ನಿಂತ್ಲು! ಕಾಲು ನಾಲ್ಕೂ ಒಂದೇ ಸಲ! ಹಗ್ಗ ಸಡಿಲ ಬಿಟ್ಟೆ. ತಲೆ ಇಳಿಸಿದ್ಲು. ದೊಡ್ಡದಾಗಿ ಮೂಗಲ್ಲಿ ಉಸಿರು ಬಿಟ್ಲು, ಇಷ್ಟು ದಿನದ ಉಸಿರೆಲ್ಲ ಹಿಡಿದಿಟ್ಟಿದ್ದ ಹಾಗೆ. ನಾನು ಜೋರಾಗಿ ನಕ್ಕೆ, ಪಕ್ಕೆ ಹಿಡ್ಕೊಂಡು. ಪುಟ್ಟಮ್ಮ ಓಡಿ ಬಂದ್ಲು, ಮತ್ತೆ ಒದ್ದಿತಾ ಅಂತ. "ಇಲ್ಲ ಕಣೇ, ಇವಳಿಗೆ ಬರೋ ಭಾಷೆ ನಂಗೆ ಬಂತು" ಅಂದೆ. ಹನ್ನೆರಡು ಸಲ ಹೇಳಿದೆ. ಹನ್ನೆರಡು ಸಲವೂ ನಿಂತ್ಲು.

ಅಣ್ಣ, ದನಿ ಇಲ್ಲದ ಸೈಸ್ ಏನು ಸೈಸ್ ಅಂದ್ರಲ್ಲ. ಒಂದೂ ಮಾತಾಡದೆ, ಐವತ್ತು ಮೈಲಿ ಆಚೆ ಕೂತು, ಬರೀ ಕಿವಿಯಲ್ಲಿ ಕೇಳಿ ಕುದುರೆಯ ಮನಸ್ಸು ಹೇಳಿದ್ದು ಯಾರು? ಸುಮ್ಮನಿರಿ.

ಹದಿನೇಳು ದಿನ ಇದೆ. ಕಾಲಿಗೆ ಹೇಗೆ ಹೋಗಬೇಕು ಬರೀರಿ.

ಕಾಗದ, 12 ಫೆಬ್ರವರಿ 2025

ಸುರೇಂದ್ರ,

ಐವತ್ತು ಮೈಲಿ ಅಲ್ಲ, ನಲವತ್ತೂ ಇಲ್ಲ. ನಿನಗೆ ಎಲ್ಲದರಲ್ಲೂ ಸ್ವಲ್ಪ ಜಾಸ್ತಿ ಹೇಳಬೇಕು.

ಉದ್ದ ಬಿದಿರು ಕೋಲಿನ ತುದಿಗೆ ಹಳೇ ಕಾಲುಚೀಲಕ್ಕೆ ಬಟ್ಟೆ ತುಂಬಿ ಕಟ್ಟು. ಹೋ ಅಂತ ನಿಲ್ಲಿಸಿ, ಕೋಲಿಂದ ಬೆನ್ನು ಸವರು, ಸೊಂಟ ಸವರು, ತೊಡೆ, ಮೆಲ್ಲಗೆ ಕೆಳಗೆ. ಕಾಲು ಎತ್ತಿ ಒದೀತಾಳೆ. ಒದೆಯಲಿ, ಕೋಲು ತೆಗೀಬೇಡ. ಕಾಲು ಕೆಳಗಿಟ್ಟ ಕ್ಷಣ ತೆಗಿ. ಒದ್ದಾಗ ತೆಗೆದರೆ ಒದೆಯೋದು ಕಲಿಸಿದ ಹಾಗೆ.

ಕೋಲಿಗೆ ಅಲುಗದೆ ನಿಂತ ಮೇಲೆ ಕೈ. ಕೈಗೆ ನಿಂತ ಮೇಲೆ ಎತ್ತೋದು. ಒಂದು ಕ್ಷಣ ಎತ್ತು, ಅವಳು ಕಿತ್ತುಕೊಳ್ಳೋ ಮೊದಲೇ ನೀನೇ ಕೆಳಗಿಡು. ಕಾಲು ವಾಪಸ್ ಸಿಗುತ್ತೆ ಅನ್ನೋ ನಂಬಿಕೆ ಬಂದರೆ ಎಷ್ಟು ಹೊತ್ತು ಬೇಕಾದರೂ ಕೊಡ್ತಾಳೆ.

ಮತ್ತೆ, ಆ ಹೊತ್ತಲ್ಲಿ ಕಥೆ ಹೇಳಬೇಡ.

ನೀನು ಹೋ ಅಂದದ್ದನ್ನು ಆರು ಸಲ ಕೇಳಿದೆ. ಮಲರ್‌ಕೊಡಿ ಕಣ್ಣು ಒರೆಸಿಕೊಂಡಳು. ನಾನಲ್ಲ.

ರಾಜಾಮಣಿ

ಧ್ವನಿ ಸಂದೇಶ, 21 ಫೆಬ್ರವರಿ 2025

ಅಣ್ಣ, ವರದಿ. ಕಾಲುಚೀಲ ಮೂರು ಹರಿದವು. ನಾಲ್ಕನೇದು ಹೊಸದು, ಪುಟ್ಟಮ್ಮನಿಗೆ ಇನ್ನೂ ಗೊತ್ತಿಲ್ಲ. ಮೊದಲ ದಿನ ಹನ್ನೊಂದು ಸಲ ಒದ್ಲು, ಎರಡನೇ ದಿನ ಏಳು. ಐದನೇ ದಿನ ಕಾಲುಚೀಲ ಗೊರಸಿನವರೆಗೂ ಹೋಯ್ತು, ಬಾಲ ಒಂದು ಸಲ ಬೀಸಿದ್ಲು ಅಷ್ಟೆ. ಮೊನ್ನೆ ಕೈ ಇಟ್ಟೆ. ಅವಳ ಕಾಲು ನಡುಗ್ತಿತ್ತು, ನಾನು ಕೈ ತೆಗೀಲಿಲ್ಲ. ಇಬ್ಬರೂ ಹಾಗೇ ನಿಂತ್ವಿ. ಆಮೇಲೆ ನಡುಕ ನಿಂತಿತು.

ಇವತ್ತು ಆ ಕಾಲು ಎತ್ತಿದೆ. ನೆಲದಿಂದ ನಾಲ್ಕು ಬೆರಳು. ಒಂದು ಅಂತ ಎಣಿಸಿ ನಾನೇ ಕೆಳಗಿಟ್ಟೆ. ತಿರುಗಿ ನೋಡಿದ್ಲು, ಇಷ್ಟೇನಾ ಅಂತ. ಸಾಯಂಕಾಲದ ಹೊತ್ತಿಗೆ ಇಪ್ಪತ್ತು ಎಣಿಸಿದೆ!

ಒಂದು ಗಂಟೆ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದೆ. ಒಳಗೆ ಬಂದ ಮೇಲೂ ಮಾತಾಡೋದು ಮರೆತು ಊಟ ಮಾಡ್ತಿದ್ದೆ. ಪುಟ್ಟಮ್ಮ ಹಣೆ ಮುಟ್ಟಿ ನೋಡಿದ್ಲು, ಜ್ವರ ಏನಾದ್ರೂ ಇದೆಯಾ ಅಂತ.

ಬಿರುಕು ಇನ್ನೂ ಅರ್ಧ ಬೆರಳು ಮೇಲೆ ಹೋಗಿರಬಹುದು. ಊಟಿಯಿಂದ ಲಾಳದ ಪ್ರವೀಣ್‌ಕುಮಾರ್ 27ಕ್ಕೆ ಬರ್ತೀನಿ ಅಂದಿದ್ದಾನೆ. ಡಾಕ್ಟರಮ್ಮನೂ ಬರ್ತಾರೆ. ಅವತ್ತು ಫೋನ್ ಜೇಬಲ್ಲಿರುತ್ತೆ. ನೀವೂ ಇರ್ತೀರಿ.

ಧ್ವನಿ ಸಂದೇಶ, 27 ಫೆಬ್ರವರಿ 2025

ಅಣ್ಣ, ಶುರು. ಪ್ರವೀಣ್‌ಕುಮಾರ್ ಚರ್ಮದ ಏಪ್ರನ್ ಕಟ್ತಿದ್ದಾನೆ. ಹಟ್ಟಿಯ ಅರ್ಧ ಜನ ಬೇಲಿ ಆಚೆ ಇದ್ದಾರೆ. ನಾನು ಇನ್ನು ಮಾತಾಡಲ್ಲ.

"ಸುರೇಂದ್ರನ್, ಇದಾ ಒದೆಯೋ ಕುದುರೆ?"

"ಒದೀತಿದ್ದ ಕುದುರೆ."

"ನನ್ನ ಹೆಂಡತಿ ಐದು ತಿಂಗಳ ಬಸುರಿ, ನೆನಪಿರಲಿ."

"ಮುಂಗಾಲು ಮೊದಲು ಮಾಡಪ್ಪ. ಅವಳಿಗೆ ನಿನ್ನ ವಾಸನೆ ಗೊತ್ತಾಗಲಿ. ನಡೀ ಸೋನೆ… ಹೋ…"

"ಅರೆ! ಹೋ ಅಂದ್ರೆ ನಿಲ್ತಾಳಾ?"

"ನೀನು ಕೆಲಸ ನೋಡು."

"ಆಯ್ತು, ಬಲದ್ದು ಆಯ್ತು. ಎಡದ್ದು ಕೊಡು ತಾಯಿ. ಹಾಂ. ಚಿನ್ನ. ಡಾಕ್ಟರಮ್ಮ, ಹಿಂದಿನ ಬಲಗಾಲು ಹಿಡಿದಿದ್ದೀನಿ, ಹೇಳಿ ಎಷ್ಟು ತೆಗೀಲಿ?"

"ಅಲ್ಲಿವರೆಗೆ. ಇನ್ನೂ ಸ್ವಲ್ಪ. ಸಾಕು. ಈಗ ಆ ಹಿಂದಿನ ಎಡಗಾಲು."

"ಸುರೇಂದ್ರನ್, ತಲೆ ಹತ್ರ ನಿಲ್ಲಿ."

"ಹೋ… ಹೋ…"

"ಎತ್ತಿದೆ. ಅಬ್ಬಾ, ಎಂಥ ಸೀಳು! ಕದಲಬೇಡ ಕಣಮ್ಮ. ಕದಲಬೇಡ. ಡಾಕ್ಟರಮ್ಮ, ಇಲ್ಲಿ ಬಗ್ಗಿ ನೋಡಿ."

"ಗೆರೆ ಮುಟ್ಟಿಲ್ಲ. ಸುರೇಂದ್ರನ್, ಕೇಳಿಸ್ತಾ? ಮುಟ್ಟಿಲ್ಲ! ಕತ್ತರಿಸಿ, ಕತ್ತರಿಸಿ."

"ಏಯ್, ಏಯ್! ಇವಳು ಪೂರ್ತಿ ಭಾರ ನನ್ನ ಮೇಲೆ ಹಾಕಿ ನಿದ್ದೆ ಮಾಡ್ತಿದ್ದಾಳೆ! ಸುರೇಂದ್ರನ್, ಎಬ್ಬಿಸ್ರೀ ಇವಳನ್ನ, ನನ್ನ ಸೊಂಟ ಮುರೀತು!"

"ಅಣ್ಣ, ನಾನು ಮಾತಾಡಲ್ಲ ಅಂದಿದ್ದೆ. ಒಂದು ಮಾತು. ಕಣ್ಣು ಮುಚ್ಚಿದ್ದಾಳೆ. ಕೆಳದುಟಿ ಜೋತುಬಿದ್ದಿದೆ. ಗೊರಸಿನ ಚೂರು ಬುಟ್ಟಿ ತುಂಬ ಬಿದ್ದಿದೆ. ಡಾಕ್ಟರಮ್ಮ ಹೇಳಿದ್ರು, ಹೀಗೇ ಆರು ವಾರಕ್ಕೊಂದು ಸಲ ಕಾಲು ಕೊಟ್ರೆ ಮುಂದಿನ ಚಳಿಗಾಲಕ್ಕೆ ಗೊರಸು ಬೆಳೆದು ಬಿರುಕು ಕೆಳಗೇ ಇಳಿದು ಹೋಗುತ್ತಂತೆ. ಓಡಬಹುದಂತೆ, ಬೆಟ್ಟ ಹತ್ತಬಹುದಂತೆ. ಅಷ್ಟೇ. ಮುಚ್ಚಿದೆ ಬಾಯಿ."

ಕಾಗದ, 28 ಫೆಬ್ರವರಿ 2025

ಸುರೇಂದ್ರ,

ನಿನ್ನ ಸಂದೇಶ ಸಿಕ್ಕಾಗ ಇಲ್ಲಿನ ಟೀ ತೋಟದ ಹೆಂಗಸರು ಎಲೆ ತೂಕ ಮುಗಿಸಿ ನಮ್ಮ ಲೈನ್ ಮನೆಗಳಿಗೆ ವಾಪಸ್ ಬರೋ ಹೊತ್ತು. ಮಲರ್‌ಕೊಡಿ ಫೋನ್ ಜೋರು ಮಾಡಿ ಜಗಲಿ ಮೇಲೆ ಇಟ್ಟಳು. ಚೀಲ ತಲೆ ಮೇಲೇ ಇಟ್ಟುಕೊಂಡು ಎಲ್ಲರೂ ನಿಂತುಬಿಟ್ಟರು. ತಮಿಳರು, ಮಲಯಾಳಿಗಳು, ಅರ್ಧ ಜನಕ್ಕೆ ನಿನ್ನ ಮಾತು ತಿಳಿಯಲ್ಲ. ನಾನು ಬೆರಳೆತ್ತಿ ತೋರಿಸ್ತಿದ್ದೆ, ಇದು ಒಂದನೇ ಕಾಲು, ಇದು ಎರಡನೇದು. ಡಾಕ್ಟರಮ್ಮ "ಮುಟ್ಟಿಲ್ಲ" ಅಂದಾಗ ಮಲರ್‌ಕೊಡಿ ತಮಿಳಲ್ಲಿ ಕೂಗಿ ಹೇಳಿದಳು. ಇಡೀ ಲೈನು ಚಪ್ಪಾಳೆ ಹೊಡೀತು. ಚಪ್ಪಾಳೆಯಲ್ಲಿ ಮುಂದಿನದು ಕೇಳಿಸಲಿಲ್ಲ ಅಂತ ಮತ್ತೆ ಮೊದಲಿಂದ ಹಾಕಿಸಿದೆ.

ನೀನು ಒಂದು ಹೇಳೋದು ಬಿಟ್ಟಿದ್ದೀಯ. ಇಷ್ಟು ಮಾತಾಡಿ ಅದನ್ನೇ ಬಿಟ್ಟಿದ್ದೀಯ. ಕೊನೆಯಲ್ಲಿ ಅರದ ಸದ್ದು ನಿಂತ ಮೇಲೆ ಪ್ರವೀಣ್‌ಕುಮಾರ್ ಕೈ ಬಿಟ್ಟ, ಕಾಲು ಅವಳದೇ ಆಯ್ತು. ಬೇಕಾದರೆ ಬೀಸಬಹುದಿತ್ತು, ಕಿತ್ತುಕೊಂಡು ಓಡಬಹುದಿತ್ತು. ನಾನು ಫೋನಿಗೆ ಕಿವಿ ಇಟ್ಟು ಮೂರು ಸಲ ಕೇಳಿದೆ.

ಮೆಲ್ಲಗೆ ಇಟ್ಟಳು.

ರಾಜಾಮಣಿ